ಗೂಡಿನ ಗಿಳಿ, ಗುಡ್ಡದ ಗಿಳಿ

ಗೂಡಿನಲ್ಲಿ ಹುಟ್ಟಲಿ, ಗುಡ್ಡದಲ್ಲಿ ಹುಟ್ಟಲಿ, ಗಿಳಿ ಗಿಳಿಯೇ, ಇನ್ನು ಮುಂದೆ ಯಾರೂ ಸಾಕುವಂತಿಲ್ಲ, ಮಾರುವಂತಿಲ್ಲ ಎಂದು ನಮ್ಮೂರಲ್ಲಿ ಡಂಗುರ ಸಾರಿದ ದಿನ ನನ್ನ ತಂಗಿಯ ಮಗಳು ನಮ್ಮ ಹಿತ್ತಲಲ್ಲಿ ಕೂತು ಸೀಬೆಹಣ್ಣು ತಿನ್ನುತ್ತಿದ್ದಳು. ಅವಳಿಗೆ ಮೂರು ತುಂಬಿ ನಾಲ್ಕರಲ್ಲಿ ಬಿದ್ದಿತ್ತು. ಇನ್ನೂ ಹೆಸರಿರಲಿಲ್ಲ.

ನಮ್ಮೂರಲ್ಲಿ ಗಿಳಿ ಕರೆಯದೆ ಹೆಸರು ನಿಲ್ಲುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನ ತಾಯಿತಂದೆ ಎಷ್ಟೇ ಆಸೆಪಟ್ಟು ಒಂದು ಹೆಸರು ಕೂಗಲಿ, ಬೆಳಗಾಗುವಷ್ಟರಲ್ಲಿ ಅದು ಎಲ್ಲರ ಬಾಯಿಂದಲೂ ಹೊರಟುಹೋಗಿರುತ್ತದೆ. ಗೋಡೆಯ ಮೇಲೆ ಬರೆದಿಟ್ಟರೆ ಅಕ್ಷರ ಅಲ್ಲೇ ಇರುತ್ತದೆ, ಅದು ಯಾರದೆಂದು ಮಾತ್ರ ಓದಿದವರಿಗೆ ತಿಳಿಯುವುದಿಲ್ಲ. ಗಿಳಿ ಮಗುವನ್ನು ನೋಡಿ ಕರೆಯಬೇಕು. ಒಮ್ಮೆ ಕರೆದರೆ ಆಯಿತು, ಸಾಯುವ ತನಕ ಬಿಡುವುದಿಲ್ಲ. ನಮ್ಮಜ್ಜಿಯ ಕಾಲಕ್ಕೆ ಬಾಣಂತಿಯರು ಕೂಸನ್ನು ಕಟ್ಟಿಕೊಂಡು ಗುಡ್ಡ ಹತ್ತಿ, ಹಕ್ಕಿ ಬರುವವರೆಗೆ ಮರದ ಕೆಳಗೆ ಕೂತಿರುತ್ತಿದ್ದರಂತೆ. ಗುಡ್ಡದ ಗಿಳಿಗಳು ಯಾರೂ ಕೇಳಿರದ ಹೊಸ ಹೆಸರು ಕರೆಯುತ್ತಿದ್ದವಂತೆ. ಆಮೇಲಾಮೇಲೆ ಅಷ್ಟು ಪುರುಸೊತ್ತು ಯಾರಿಗಿತ್ತು? ನಮ್ಮ ಗೂಡುಕೇರಿಯ ಹಿರಿಯರು ಮಣ್ಣಿನ ಮಡಕೆಗಳಲ್ಲಿ ಗಿಳಿಗಳಿಂದ ಮರಿ ಮಾಡಿಸಿ, ಮಾತು ಕಲಿಸಿ, ಹೆಸರಿಡಬೇಕಾದ ಮನೆಗಳಿಗೆ ಒಯ್ಯತೊಡಗಿದರು. ಕಲಿಸಬೇಕಾದರೆ ನಮಗೆ ನೆನಪಿರುವ ಹೆಸರೇ ಆಗಬೇಕಲ್ಲ. ನೆನಪಿರುವುದು ಸತ್ತವರದು, ಇರುವವರದು, ಅಷ್ಟೆ. ಹೀಗಾಗಿ ನಮ್ಮ ಕೇರಿಯೊಂದರಲ್ಲೇ ಸುಭದ್ರೆಯರು ಬೇಕಾದಷ್ಟು. ಅವರಲ್ಲಿ ನಾನೊಬ್ಬಳು. ಹಿತ್ತಲ ಸುಭದ್ರೆ ಅಂದರೆ ಗುರುತು ಸಿಗುತ್ತದೆ. ಮದುವೆಯಾಗಲಿಲ್ಲ, ಅಮ್ಮನ ಹಿಂದೆ ನಿಂತು ಗಿಳಿ ಸಾಕುವುದನ್ನು ಕಲಿತೆ. ಅಮ್ಮ ಹೋದಮೇಲೂ ಅದನ್ನೇ ಮಾಡಿಕೊಂಡು ಬಂದೆ.

ನನ್ನ ತಂಗಿ ಚಂದನೆ ನನ್ನ ಹಾಗಲ್ಲ. ಅವಳಿಗೆ ಚಿಕ್ಕಂದಿನಿಂದ ಪಂಜರ ಕಂಡರೆ ಆಗದು. ದೊಡ್ಡವಳಾಗಿ ಗುಡ್ಡದ ಕಾವಲಿಗೆ ಸೇರಿಕೊಂಡಳು. ದೋಣಿ ಕಟ್ಟುವವನನ್ನು ಮದುವೆಯಾದಳು. ಆ ಮನುಷ್ಯ ವರ್ಷದ ಅರ್ಧ ಭಾಗ ನದಿಯ ಕೆಳಗಿನ ಊರುಗಳಲ್ಲಿರುತ್ತಾನೆ. ಹೀಗಾಗಿ ಮಗು ಬೆಳಗಿನಿಂದ ಸಂಜೆಯವರೆಗೆ ನನ್ನ ಹತ್ತಿರ. ಮಗು ಹುಟ್ಟಿದಾಗಲೇ ನಾನು ಒಂದು ಹಕ್ಕಿಗೆ ನಮ್ಮಮ್ಮನ ಹೆಸರು ಕಲಿಸಿಟ್ಟಿದ್ದೆ. ಚಂದನೆ ಒಪ್ಪಲಿಲ್ಲ. "ಸತ್ತವರ ಹೆಸರು ಬೇಡ ಅಕ್ಕ. ನನ್ನ ಮಗಳಿಗೆ ಅವಳದ್ದೇ ಆದದ್ದೊಂದು ಬರಲಿ. ಗುಡ್ಡದ ಹಕ್ಕಿ ಕರೀಲಿ, ಕಾಯ್ತೀನಿ" ಅಂದಳು. ರಜೆ ಸಿಕ್ಕಾಗಲೆಲ್ಲ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದಳು. ಆದರೆ ಗುಡ್ಡದಲ್ಲಿ ಹಕ್ಕಿಗಳೇ ಉಳಿದಿರಲಿಲ್ಲ. ಅಲ್ಲೊಂದು ಜೋಡಿ ಇಲ್ಲೊಂದು ಜೋಡಿ, ಅವೂ ಮನುಷ್ಯರ ವಾಸನೆ ಬಂದರೆ ಕಣಿವೆಯ ಆಚೆ ಹಾರಿಬಿಡುತ್ತಿದ್ದವು.

ಹೆಸರಿಲ್ಲದ ಮಗುವನ್ನು ಸಾಕುವುದು ಸುಲಭವಲ್ಲ. ಕೇರಿಯ ಹೆಂಗಸರು ಅಂಥ ಮಕ್ಕಳ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ, ಎತ್ತ ಹೋದರೂ ಸದ್ದು ಕೇಳಲಿ ಎಂದು. ಶಾಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಜ್ವರ ಬಂದು ಕಣ್ಣು ಮುಚ್ಚಿ ಮಲಗಿದಾಗ ಏನೆಂದು ಕರೆದು ಎಬ್ಬಿಸುವುದು? "ಮಗೂ, ಪುಟ್ಟಿ, ಚಿನ್ನಾ" ಎಂದರೆ ಅವಳು ಕಣ್ಣು ತೆರೆಯುತ್ತಿರಲಿಲ್ಲ. ಅದು ಯಾವ ಮಗುವನ್ನು ಬೇಕಾದರೂ ಕರೆಯುವ ಮಾತು. ಹಿಂದಿನ ಚಳಿಗಾಲದಲ್ಲಿ ಹಾಗೆ ಅವಳು ಬಿಸಿಯಾಗಿ ಬಿದ್ದುಕೊಂಡಾಗ ನಾನು ಹಿತ್ತಲಿಗೂ ನಡುಮನೆಗೂ ತಿರುಗಿ ತಿರುಗಿ ಸುಸ್ತಾಗಿದ್ದೆ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗದ ಚಾಳಿ ಅಂಟಿತು.

ಡಂಗುರ ಸಾರಿದ ಮೇಲೆ ಇಡೀ ಊರಿಗೇ ಆ ಚಾಳಿ ಅಂಟಿತು. ಜನ ಕೆಲಸವಿಲ್ಲದೆ ಬೀದಿಗೆ ಬಂದು ನಿಲ್ಲುವರು, ಮತ್ತೆ ಒಳಗೆ ಹೋಗುವರು. ಬಸುರಿಯರು ನಮ್ಮ ಬಾಗಿಲಿಗೆ ಬಂದು "ನಮ್ಮದು ಹುಟ್ಟೋವರೆಗಾದರೂ ಒಂದು ಹಕ್ಕಿ ಇಟ್ಟುಕೊಂಡಿರಿ ಸುಭದ್ರಕ್ಕ" ಎಂದು ಕೈ ಮುಗಿಯುವರು. ಮನುಷ್ಯರ ಗಾಬರಿ ಗಿಳಿಗಳಿಗೂ ತಗಲಿ ಅವು ಕಂಬಿಯ ಈ ತುದಿಯಿಂದ ಆ ತುದಿಗೆ ಅಡ್ಡಡ್ಡ ನಡೆಯುತ್ತಲೇ ಇರುತ್ತಿದ್ದವು. ಕಾಳು ಹಾಕಿದರೆ ಚೆಲ್ಲುವುವು. ಆಜ್ಞೆಯ ಪ್ರಕಾರ ಎಲ್ಲ ಹಕ್ಕಿಗಳನ್ನೂ ಗುಡ್ಡದ ಬುಡದಲ್ಲಿ ಕಟ್ಟಿದ ದೊಡ್ಡ ಬಲೆಮನೆಗೆ ಒಪ್ಪಿಸಬೇಕಿತ್ತು. ಅದಕ್ಕೆ ಮುಂಚೆ ಯಾರಿಗಾದರೂ ತಕರಾರಿದ್ದರೆ ಸಂತೆ ಚಾವಡಿಯಲ್ಲಿ ಗುಡ್ಡದ ಕಚೇರಿಯ ಸಾಹೇಬರ ಮುಂದೆ ಹೇಳಬಹುದಾಗಿತ್ತು. ಕೇರಿಯವರೆಲ್ಲ ಸೇರಿ ನಮ್ಮ ಪರವಾಗಿ ನೀನೇ ಮಾತಾಡು ಎಂದು ನನಗೆ ಹೇಳಿದರು. ಹೇಳುವುದು ನನಗೆ ಸ್ಪಷ್ಟವಾಗಿತ್ತು. ನನ್ನ ಹಕ್ಕಿಗಳ ಅಜ್ಜಿಯ ಅಜ್ಜಿಯೂ ನಮ್ಮ ಮಡಕೆಯಲ್ಲೇ ಮೊಟ್ಟೆಯೊಡೆದು ಬಂದದ್ದು. ಕಾಗೆಯ ನೆರಳು ಬಿದ್ದರೆ ಅವು ನನ್ನ ಸೆರಗಿನೊಳಗೆ ತೂರುತ್ತವೆ. ಇವಕ್ಕೂ ಗುಡ್ಡಕ್ಕೂ ಏನು ಸಂಬಂಧ?

ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಾನು ತಡೆಯಲಾರದೆ ಹೋದೆ. ಹಕ್ಕಿಗಳು ಹೊರಟುಹೋದರೆ ಈ ಮಗು ಹೆಸರಿಲ್ಲದೆಯೇ ಬೆಳೆಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ನನ್ನ ಹತ್ತಿರ ಒಂದು ಎಳೆಯ ಹಕ್ಕಿಯಿತ್ತು, ಕೇರಿಯ ಜಂಬಣ್ಣ ಕೊಟ್ಟದ್ದು. ಜಂಬಣ್ಣ ನಮ್ಮೆಲ್ಲರಿಗೂ ನವಣೆ, ಮೆಣಸಿನಕಾಯಿ ತಂದುಕೊಡುವವನು, ತಾನೂ ಒಂದಿಷ್ಟು ಹಕ್ಕಿ ಸಾಕಿದವನು. "ನನ್ನ ಗೂಡಿನ ಮರಿ ಸುಭದ್ರಕ್ಕ, ಗಂಟಲು ನೋಡಿ ಹ್ಯಾಗಿದೆ" ಎಂದು ಕೊಟ್ಟಿದ್ದ. ನಿಜವಾಗಿ ಅಂಥ ಗಂಟಲನ್ನು ನಾನು ಕೇಳಿರಲಿಲ್ಲ. ನಮ್ಮವು ಮೂಗಿನಲ್ಲಿ ಗೊಣಗಿದರೆ ಇದು ಬೀದಿಯ ಕೊನೆಯವರೆಗೆ ಕೇಳಿಸುವಂತೆ ಕೂಗುತ್ತಿತ್ತು. ಮೊದಲು ಕಲಿಸಿಟ್ಟ ಹಕ್ಕಿ ಸತ್ತಿದ್ದರಿಂದ ಇದಕ್ಕೆ ನಮ್ಮಮ್ಮನ ಹೆಸರು, ಪದ್ಮಲೆ, ಹೇಳಿಕೊಡುತ್ತ ಬಂದಿದ್ದೆ. ಅದನ್ನು ಮಾತ್ರ ಇನ್ನೂ ಹೇಳಿರಲಿಲ್ಲ. ಅವತ್ತು ಮಗುವನ್ನು ಮಣೆಯ ಮೇಲೆ ಕೂರಿಸಿ, ಹಕ್ಕಿಯನ್ನು ಬೆರಳ ಮೇಲೆ ಕೂರಿಸಿಕೊಂಡು ಎದುರಿಗೆ ಕೂತೆ.

"ಕರಿ, ನನ್ನಪ್ಪ. ಪದ್ಮಲೆ. ಪದ್ಮಲೆ ಅನ್ನು."

ಹಕ್ಕಿ ಕತ್ತು ಓರೆ ಮಾಡಿ ಮಗುವನ್ನು ನೋಡಿತು. ಮಗುವೂ ಕತ್ತು ಓರೆ ಮಾಡಿತು. ಹಕ್ಕಿಯ ಗಂಟಲಲ್ಲಿ ಏನೋ ಅಲುಗಿತು. ಅಷ್ಟರಲ್ಲಿ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಚಂದನೆ ಬೂಟುಗಾಲಲ್ಲೇ ಒಳಗೆ ಬಂದು, ಒಂದು ಕೈಯಿಂದ ಹಕ್ಕಿಯನ್ನು ಹಿಡಿದು ಎದೆಗೊತ್ತಿಕೊಂಡಳು.

"ಅಕ್ಕಾ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ದರೆ ನೀನು ಬಿಡ್ತಿದ್ದೆಯಾ?" ಎಂದೆ. ನನಗೂ ಸಿಟ್ಟು ಬಂದಿತ್ತು. "ಮೂರು ವರ್ಷ ಗುಡ್ಡ ಸುತ್ತಿದೆಯಲ್ಲ, ಏನು ಬಂತು? ನಾಳೆ ಇವಳು ಬಾವಿಗೆ ಬಗ್ಗಿ ನಿಂತರೆ ಏನಂತ ಕರೀಲಿ ನಾನು?"

"ಗುಡ್ಡ ಸುತ್ತಿದ್ದಕ್ಕೆ ಗೊತ್ತು ನನಗೆ. ಪೊಟರೆಗೆ ಕೈ ಹೋಗಲ್ಲ ಅಂತ ಕೊಂಬೆಯನ್ನೇ ಕಡೀತಾರೆ ಅಕ್ಕ. ಮರಿ ತಗೊಂಡು ಹೋಗ್ತಾರೆ, ಪೊಟರೆನೂ ಹೋಗತ್ತೆ. ಆಮೇಲೆ ಆ ಜೋಡಿಗೆ ಮೊಟ್ಟೆ ಇಡೋಕೆ ಜಾಗ ಇಲ್ಲ. ಹಿಡಿದರೆ ಏನಂತಾರೆ? ಗೂಡುಕೇರಿಯದ್ದು, ಮನೆಯಲ್ಲಿ ಹುಟ್ಟಿದ್ದು ಅಂತಾರೆ. ಹೌದೋ ಅಲ್ಲವೋ ನಾನು ಹ್ಯಾಗೆ ಹೇಳಲಿ? ಎರಡೂ ಹಸಿರೇ, ಎರಡಕ್ಕೂ ಕೆಂಪು ಮೂಗೇ."

"ನಮ್ಮ ಮರಿಗಳಿಗೆ ಕಾಲುಬಳೆ ಇರತ್ತೆ. ಅದು ಸಾಲದಾ?"

ನಮ್ಮ ಕೇರಿಯ ಪದ್ಧತಿ ಅದು. ಮರಿಯ ಬೆರಳು ಇನ್ನೂ ಮೆತ್ತಗಿರುವಾಗ ತಗಡಿನ ಸಣ್ಣ ಬಳೆಯನ್ನು ಕಾಲಿಗೆ ತೂರಿಸಿಬಿಡುತ್ತೇವೆ. ಬೆಳೆದಮೇಲೆ ಅದು ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಬಳೆಯಿದ್ದರೆ ಗೂಡಿನಲ್ಲಿ ಹುಟ್ಟಿದ್ದು ಎಂದೇ ಅರ್ಥ.

ಚಂದನೆ ಕೈಯಲ್ಲಿದ್ದ ಹಕ್ಕಿಯನ್ನು ಮಗುಚಿ ಕಾಲು ನೋಡಿದಳು. ಬಳೆಯನ್ನು ಉಗುರಿನಿಂದ ಕೆರೆದಳು. ತಗಡಿನ ಬಣ್ಣ ಹಚ್ಚಿದ ಅರಗು ಪುಡಿಯಾಗಿ ಉದುರಿ, ಕೆಳಗೆ ಸೀಳು ಕಾಣಿಸಿತು. ಬಳೆಯನ್ನು ಕತ್ತರಿಸಿ, ಬೆಳೆದ ಕಾಲಿಗೆ ಬಗ್ಗಿಸಿ ತೊಡಿಸಿ, ಅರಗಿನಿಂದ ಬೆಸೆದಿದ್ದರು. ಅದರ ಪಕ್ಕದ ಬೆರಳಿಗೆ ಉಗುರೇ ಇರಲಿಲ್ಲ.

"ಇದು ಎಲ್ಲಿಂದ ಬಂತು ಅಕ್ಕ?"

ನಾನು ಹಕ್ಕಿಯನ್ನು ತೆಗೆದುಕೊಂಡು ಮತ್ತೆ ಮತ್ತೆ ನೋಡಿದೆ. ಬಳೆ ನಮ್ಮ ಕೇರಿಯದೇ. ಹಕ್ಕಿ ಮಾತ್ರ ನಮ್ಮದಲ್ಲ. ಆ ಗಂಟಲು ಯಾಕೆ ಹಾಗಿತ್ತು ಎಂಬುದು ಆಗ ತಿಳಿಯಿತು.

ಮಗುವನ್ನು ಅವಳ ಹತ್ತಿರ ಬಿಟ್ಟು ಆಗಲೇ ಜಂಬಣ್ಣನ ಮನೆಗೆ ಹೊರಟೆ. ಅವನು ಜಗಲಿಯ ಮೇಲೆ ನವಣೆ ಕೇರುತ್ತಿದ್ದ. ಚಂದನೆ ಕಂಡುಹಿಡಿದ ಬಳೆಯ ಮಾತನ್ನು ನಾನು ಎತ್ತಿದ ಕೂಡಲೇ ಮೊರ ಕೆಳಗಿಟ್ಟ. ಸುಳ್ಳು ಹೇಳಲಿಲ್ಲ, ಅಷ್ಟು ಒಪ್ಪಬೇಕು.

"ಕೂತ್ಕೊಳ್ಳಿ ಸುಭದ್ರಕ್ಕ."

"ಕೂರೋಕೆ ಬಂದಿಲ್ಲ. ಇಂಥವು ಎಷ್ಟು ಕೊಟ್ಟಿದ್ದೀಯ ಕೇರಿಗೆ?"

"ಕೊಟ್ಟಿದ್ದೀನಿ. ನಮ್ಮ ಗೂಡಿನ ಹಕ್ಕಿ ಈಚೀಚೆಗೆ ಕರೆಯೋದು ಯಾರಿಗೂ ಕೇಳಲ್ಲ. ಅರ್ಧ ಹೆಸರು ಹೇಳಿ ನಿಲ್ಲಿಸಿಬಿಡ್ತವೆ. ಆ ಕಡೆ ಬೀದಿಯ ಕೂಸಿಗೆ 'ಚೆಲು' ಅಂತಷ್ಟೇ ಕರೆದು ಬಿಡಲಿಲ್ಲವಾ? ತಾಯಂದಿರು ಅಳ್ತಾ ಬರ್ತಾರೆ, ಗಟ್ಟಿ ಗಂಟಲಿಂದು ಕೊಡು ಅಂತ. ನಾನೇನು ಮಾಡಲಿ?"

"ಅದಕ್ಕೆ ಪೊಟರೆ ಕಡೀತೀಯಾ?"

"ನಾನು ಕಡಿಯಲ್ಲ. ತಂದುಕೊಡೋರಿದ್ದಾರೆ." ಅವನು ತಲೆ ತಗ್ಗಿಸಿದ. "ನೀವು ಚಾವಡಿಯಲ್ಲಿ ಇದನ್ನ ಎತ್ತಬೇಡಿ. ಎತ್ತಿದರೆ ಕೇರಿ ಮುಳುಗತ್ತೆ. ನಿಮ್ಮ ಹಕ್ಕಿಗಳೂ ಹೋಗ್ತವೆ. ನೀವು ಎರಡು ಬಾಯಿ ಮುಚ್ಚಬೇಕು, ನಿಮ್ಮದು, ನಿಮ್ಮ ತಂಗೀದು. ಒಂದು ಹಕ್ಕಿ, ಹಾರಿಹೋಯ್ತು ಅಂದುಬಿಡಿ."

ವಿಚಾರಣೆಯ ದಿನದವರೆಗೆ ನಾನು ಒಂದು ಕಡೆ ನಿಲ್ಲಲಿಲ್ಲ. ಒಲೆಯ ಮೇಲೆ ಅನ್ನ ಇಟ್ಟು ಹಿತ್ತಲಿಗೆ ಹೋಗುವೆ, ಅನ್ನ ಸೀಯುವುದು. ಹಕ್ಕಿಗಳ ಮುಂದೆ ನಿಂತು ಒಂದೊಂದರ ಕಾಲನ್ನೂ ಹಿಡಿದು ನೋಡುವೆ. ಉಳಿದವೆಲ್ಲ ನನ್ನವೇ, ಬಳೆ ಅಖಂಡ. ಅದರಿಂದ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಚಂದನೆ ಮಗುವನ್ನು ಬಿಡಲು ಬರುವಳು, ಕರೆದೊಯ್ಯಲು ಬರುವಳು, ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ನೀನೇನು ಹೇಳುತ್ತೀಯ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಸಂತೆ ಚಾವಡಿ ಅವತ್ತು ತುಂಬಿ ಹೊರಚೆಲ್ಲಿತ್ತು. ಗುಡ್ಡದ ಕಚೇರಿಯ ಅಮೃತರಾಜ ಸಾಹೇಬರು ಬೆವರೊರೆಸಿಕೊಳ್ಳುತ್ತ ಕೂತಿದ್ದರು. ಕೆಟ್ಟ ಮನುಷ್ಯರಲ್ಲ, ನಿದ್ದೆಗೆಟ್ಟವರ ಹಾಗೆ ಕಾಣುತ್ತಿದ್ದರು. ಮೊದಲು ಒಬ್ಬ ಎಳೆಯ ಬಾಣಂತಿ ಎದ್ದಳು. ಮಡಿಲಲ್ಲಿ ಕೂಸು.

"ಸಾಹೇಬರೇ, ಗುಡ್ಡ ಉಳಿಯಲಿ, ಹಕ್ಕಿ ಉಳಿಯಲಿ. ನಾನು ಬೇಡ ಅನ್ನಲ್ಲ. ಇದನ್ನ ಏನಂತ ಕರೀಲಿ, ಅದೊಂದು ಹೇಳಿಬಿಡಿ."

ಸಾಹೇಬರು ಕೂಸನ್ನೇ ನೋಡಿದರು. ಆಮೇಲೆ ಚಂದನೆಯನ್ನು ಕರೆದರು. ಅವಳು ಗುಡ್ಡದಲ್ಲಿ ಕಡಿದ ಕೊಂಬೆಗಳ ವಿಷಯ ಹೇಳಿದಳು, ಒಂಟಿಯಾಗಿ ಕೂಗುತ್ತ ಅದೇ ಮರಕ್ಕೆ ವರ್ಷ ವರ್ಷ ಬರುವ ಹೆಣ್ಣು ಹಕ್ಕಿಯೊಂದರ ವಿಷಯ ಹೇಳಿದಳು. ನನ್ನ ಮನೆಯಲ್ಲಿ ಕಂಡ ಬಳೆಯ ಸುದ್ದಿಯನ್ನು ಎತ್ತಲಿಲ್ಲ. ನನಗಾಗಿಯೇ ಅದನ್ನು ಬಿಟ್ಟಳೆಂದು ಗೊತ್ತಾಯಿತು.

ನನ್ನ ಸರದಿ ಬಂತು. ಜಂಬಣ್ಣ ಮೂರನೆಯ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಬುಟ್ಟಿಯಿಂದ ಎಳೆಯ ಹಕ್ಕಿಯನ್ನು ತೆಗೆದು ಸಾಹೇಬರ ಮೇಜಿನ ಮೇಲಿಟ್ಟೆ.

"ಇದರ ಕಾಲು ನೋಡಿ. ಬಳೆ ನಮ್ಮ ಕೇರಿಯದು. ಹಕ್ಕಿ ಗುಡ್ಡದ್ದು. ಬಳೆ ಇದ್ದ ಮಾತ್ರಕ್ಕೆ ಗೂಡಿನದು ಅಂತ ನಾನೂ ನಂಬಿದ್ದೆ. ಇನ್ನು ನಂಬಲಾರೆ. ಇಂಥವು ಇನ್ನೂ ಇವೆ."

ಹಿಂದಿನಿಂದ ಗದ್ದಲ ಎದ್ದಿತು. ಯಾರೋ "ಮನೆಮುರುಕಿ" ಎಂದರು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಬಾಯಿ ಬರುತ್ತಿರಲಿಲ್ಲ.

"ಆದರೆ ಇನ್ನೊಂದು ಮಾತು ಸಾಹೇಬರೇ. ನನ್ನ ಹಿತ್ತಲಲ್ಲಿ ಹುಟ್ಟಿದ ಹಕ್ಕಿಗಳನ್ನ ನಿಮ್ಮ ಬಲೆಮನೆಗೆ ಹಾಕಿದರೆ ಅವು ಕಾಳು ಮುಟ್ಟಲ್ಲ. ಬಾಗಿಲು ತೆಗೆದು ಗುಡ್ಡಕ್ಕೆ ಬಿಟ್ಟರೆ ಮೊದಲನೇ ದಿನವೇ ಹದ್ದಿನ ಪಾಲು. ಕಾಪಾಡೋಕೆ ಅಂತ ತಗೊಂಡು ಹೋಗಿ ಕೊಂದಹಾಗಾಗತ್ತೆ. ಕೇರಿಯಲ್ಲಿ ಒಂದೂ ಹಕ್ಕಿ ಇಲ್ಲದೇ ಹೋದರೆ ಈ ತಾಯಂದಿರು ಎಲ್ಲಿಗೆ ಹೋಗ್ತಾರೆ? ರಾತ್ರಿ ಹಗಲೆನ್ನದೆ ಗುಡ್ಡಕ್ಕೇ ಹೋಗ್ತಾರೆ. ಆಗ ಉಳಿದಿರೋ ಪೊಟರೆನೂ ಉಳಿಯಲ್ಲ."

"ಹಾಗಾದರೆ ನೀವು ಯಾರ ಕಡೆ ಅಮ್ಮಾ?" ಸಾಹೇಬರು ಕೇಳಿದರು. ಕುಹಕವಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದು.

"ನನಗೇ ಗೊತ್ತಾಗ್ತಿಲ್ಲ" ಎಂದು ಕೂತೆ.

ಸಾಹೇಬರ ತೀರ್ಮಾನ ಬರಲು ವಾರಗಳು ಹಿಡಿದವು. ಗೂಡಿನ ಗಿಳಿಗಳಿಗೂ ಗುಡ್ಡದ ಗಿಳಿಗಳ ರಕ್ಷಣೆಯೇ ಅನ್ವಯಿಸುತ್ತದೆ, ಮಾರಾಟವಿಲ್ಲ. ಆದರೆ ಅಖಂಡ ಬಳೆಯಿದ್ದವು ಸಾಕಿದವರ ಹತ್ತಿರವೇ ಇರಲಿ, ಹೆಸರಿಗೆ ಬೇಕಾದವರ ಮನೆಗೆ ಹೋಗಿ ಬರಲಿ. ಹೊಸ ಮರಿಗೆ ಬಳೆ ತೊಡಿಸುವುದು ಕಾವಲಿನವರ ಕೈಯಲ್ಲೇ ಆಗಬೇಕು. ಸೀಳು ಬಳೆಯವು ಗುಡ್ಡಕ್ಕೆ ವಾಪಸು. ಯಾರಿಗೂ ಪೂರ್ತಿ ಸಂತೋಷವಾಗಲಿಲ್ಲ. ಜಂಬಣ್ಣನ ಗೂಡುಗಳನ್ನು ಮುಚ್ಚಿಸಿದರು, ಅವನು ನದಿಯಾಚೆ ಹೋದ. ಹಕ್ಕಿ ಕಳೆದುಕೊಂಡ ಮನೆಗಳವರು ನನ್ನನ್ನು ಕಂಡರೆ ಬೀದಿಯ ಆ ಬದಿಗೆ ಸರಿಯುತ್ತಿದ್ದರು. ಬಾವಿಕಟ್ಟೆಯಲ್ಲಿ ನನಗೆ ಹಗ್ಗ ಕೊಡುವವರಿರಲಿಲ್ಲ. ಈಗಲೂ ಕೆಲವರು ಕೊಡುವುದಿಲ್ಲ.

ಎಳೆಯ ಹಕ್ಕಿಯನ್ನು ಬಿಡಲು ಚಂದನೆ ಗುಡ್ಡಕ್ಕೆ ಹೊರಟಾಗ ನಾನೂ ಬರುತ್ತೇನೆ ಎಂದೆ. ಅವಳು ಬೇಡವೆನ್ನಲಿಲ್ಲ. ಮಗು ನಡುವೆ, ಹಕ್ಕಿಯ ಬುಟ್ಟಿ ನನ್ನ ಸೊಂಟದ ಮೇಲೆ. ಗುಡ್ಡದ ಬುಡದಲ್ಲಿ ಚಂದನೆ ಬಗ್ಗಿ ಮಗುವಿನ ಗೆಜ್ಜೆ ಬಿಚ್ಚಿದಳು, ಸದ್ದಿಗೆ ಹಕ್ಕಿಗಳು ಬರುವುದಿಲ್ಲವೆಂದು. ನಾನು ಅಷ್ಟು ಮೇಲಕ್ಕೆ ಯಾವತ್ತೂ ಹೋಗಿರಲಿಲ್ಲ. ಬಂಡೆಗಳ ನಡುವೆ ಹಳೆಯ ಮತ್ತಿಮರಗಳು, ಅಲ್ಲಲ್ಲಿ ಕಡಿದ ಕೊಂಬೆಯ ಬಿಳಿ ಗಾಯ. ಚಂದನೆ ಒಂದೊಂದನ್ನೂ ತೋರಿಸಿದಳು. ಬೈಯಲಿಲ್ಲ. ಸುಮ್ಮನೆ ಬೆರಳು ಮಾಡಿ ತೋರಿಸಿದಳು, ಅಷ್ಟೆ.

ಒಂದು ಮರದಡಿ ಬುಟ್ಟಿಯ ಮುಚ್ಚಳ ತೆಗೆದೆ. ಹಕ್ಕಿ ಹೊರಗೆ ಬಂದು ಅಂಚಿನ ಮೇಲೆ ಕೂತಿತು. ಆಕಾಶ ನೋಡಿತು. ಹಾರಲಿಲ್ಲ. ನನ್ನ ಕೈ ಹುಡುಕಿಕೊಂಡು ಬಂದಿತು. ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಬಿಸಿಲು ಏರಿತು. ಕೊನೆಗೆ ಕಣಿವೆಯ ಕಡೆಯಿಂದ ಒಂದು ಜೋಡಿ ಕಿರುಚುತ್ತ ಹಾದುಹೋಯಿತು. ಎಳೆಯದು ಒಮ್ಮೆ ಮೈಯೆಲ್ಲ ನಡುಗಿಸಿ, ಓರೆಯಾಗಿ, ಬೀಳುವ ಹಾಗೆ ಹಾರಿ ಮರದ ನಡುಕೊಂಬೆ ಹಿಡಿಯಿತು. ಚಂದನೆ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಇಬ್ಬರೂ ಕತ್ತು ಮೇಲೆ ಮಾಡಿ ನಿಂತಿದ್ದೆವು. ಎಷ್ಟು ಹೊತ್ತೋ.

ಕೆಳಗೆ ನೋಡಿದರೆ ಮಗು ಇರಲಿಲ್ಲ.

ಬಂಡೆಯ ಹಿಂದೆ ನೋಡಿದೆವು, ಪೊದೆಯ ಹಿಂದೆ ನೋಡಿದೆವು. ಆ ಕಡೆ ಇಳಿಜಾರು, ಅದರಾಚೆ ಕಣಿವೆ. ಚಂದನೆ ಗುಡ್ಡವನ್ನು ಅಂಗೈಯಂತೆ ಬಲ್ಲವಳು, ಅವಳ ತುಟಿ ಬೆಳ್ಳಗಾಯಿತು. ಬಾಯಿ ತೆರೆದಳು. ಏನಂತ ಕೂಗುವುದು? "ಮಗಳೇ" ಎಂದಳು, ದನಿ ಒಡೆಯಿತು. ಗಾಳಿ ಅದನ್ನು ನಮ್ಮ ಹಿಂದಕ್ಕೇ ಒಯ್ದಿತು. ನನಗೆ ಬೇರೇನೂ ಹೊಳೆಯದೆ, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದೆ.

"ಎಲ್ಲೇ? ಎಲ್ಲೇ ಹೋದೆ? ಎಲ್ಲೇ?"

ಉತ್ತರವಿಲ್ಲ. ಇಳಿಜಾರಿನ ಅಂಚಿಗೆ ಓಡಿದೆವು. ಮತ್ತೆ ಕೂಗಿದೆ, ಗಂಟಲು ಹರಿದು ದನಿ ಸೋತಿತು. ಆಗ ಮರದ ಮೇಲಿನಿಂದ, ನನ್ನದೇ ದನಿಯಲ್ಲಿ, ನನಗಿಂತ ನೂರುಪಾಲು ಗಟ್ಟಿಯಾಗಿ ಬಂತು.

"ಎಲ್ಲೇ!"

ಹಕ್ಕಿ ಕೊಂಬೆಯ ತುದಿಗೆ ಬಂದು ಕೆಳಗೆ ಬಗ್ಗಿ ನೋಡುತ್ತಿತ್ತು. ನಮಗೆ ಕಾಣದ್ದು ಅದಕ್ಕೆ ಕಾಣುತ್ತಿತ್ತು. "ಎಲ್ಲೇ! ಎಲ್ಲೇ!" ಎಂದು ಅದು ಕರೆಯಿತು. ಕಣಿವೆಯೆಲ್ಲ ಕರೆಯಿತು.

"ಇಲ್ಲೀ!" ಎಂದಿತು ಕೆಳಗಿನಿಂದ ಒಂದು ಪುಟ್ಟ ದನಿ.

ಅವಳು ಒಂದು ಚಪ್ಪಟೆ ಬಂಡೆಯ ಮೇಲೆ ಕೂತಿದ್ದಳು, ಕಾಲುಗಳು ಕಣಿವೆಯ ಮೇಲೆ ತೂಗಾಡುತ್ತಿದ್ದವು. ಯಾರು ಕರೆದರೆಂದು ಎದ್ದು, ಮರದ ಕಡೆಗೆ ಮುಖ ಮಾಡಿ, ಕೈಕಾಲು ಊರಿಕೊಂಡು ಮೇಲೆ ಹತ್ತಿ ಬರತೊಡಗಿದಳು. ಚಂದನೆ ಜಾರುತ್ತ ಇಳಿದು ಅವಳನ್ನು ಬಾಚಿಕೊಂಡಳು. ನಾನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ಅವರು ಮೇಲೆ ಬರುವ ಹೊತ್ತಿಗೆ ಹಕ್ಕಿ ಆ ಜೋಡಿ ಹೋದ ದಿಕ್ಕಿಗೆ ಹೊರಟುಹೋಗಿತ್ತು. ಆಮೇಲೆ ಚಂದನೆ ಅದನ್ನು ಒಂದೆರಡು ಸಲ ದೂರದಿಂದ ಕಂಡಳಂತೆ. ಮಳೆಗಾಲದ ನಂತರ ಕಾಣಲಿಲ್ಲ. ಬದುಕಿದೆಯೋ ಇಲ್ಲವೋ ನಮಗೆ ತಿಳಿಯದು.

ಮರುದಿನ ಬೆಳಗ್ಗೆ ಎದ್ದು ಮುಖ ತೊಳೆಯುವಾಗಲೇ ನನಗೆ ನೆನಪಿತ್ತು. ಎಲ್ಲೆ. ಹಾಲಿನವಳು ಬಂದು "ಎಲ್ಲೆ ಎದ್ದಳಾ?" ಎಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮೂರಲ್ಲಿ ಹೆಸರು ಹಾಗೇ ಹರಡುವುದು. ಯಾರೂ ಇಟ್ಟುಕೊಂಡಿರದ ಹೆಸರು. ಹೊಲದ ಬದುವಿಗೂ, ಊರು ಮುಗಿಯುವ ಜಾಗಕ್ಕೂ ನಾವು ಹೇಳುವ ಮಾತು ಅದು, ಹೆಣ್ಣುಮಗುವಿಗೆ ಇಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಶಾಲೆಯಲ್ಲಿ ಮೊದಲನೆಯ ಸಾಲಿನಲ್ಲಿ ಕೂರಿಸಿದರು. ಬೀದಿಯ ಮಕ್ಕಳು ಕರೆದರೆ ಅವಳು ತಟ್ಟನೆ ತಿರುಗುತ್ತಿದ್ದಳು, ತಿರುಗಿ ನಗುತ್ತಿದ್ದಳು, ಇನ್ನೊಮ್ಮೆ ಕರೆಯಲೆಂದು ಮತ್ತೆ ಬೆನ್ನು ಮಾಡಿ ನಿಲ್ಲುತ್ತಿದ್ದಳು.

ಚಂದನೆ ಮಾತ್ರ ಆ ಹೆಸರು ಹಿಡಿದು ಕರೆಯಲಿಲ್ಲ. "ಬಾ ಮಗಳೇ, ಊಟ ಮಾಡು ಮಗಳೇ" ಎಂದು ಹಳೆಯ ಹಾಗೆಯೇ. ನಾನು ಒಂದು ದಿನ ಕೇಳಿಯೇಬಿಟ್ಟೆ.

"ಗುಡ್ಡದ ಹಕ್ಕಿಯೇ ಕರೆದದ್ದಲ್ಲವೇನೇ? ನೀನು ಕಾದದ್ದೂ ಅದಕ್ಕೇ ಅಲ್ಲವಾ?"

"ಕರೆದದ್ದು ನಿನ್ನ ದನಿ ಅಕ್ಕ. ನಿನ್ನ ಮನೆಯ ಮಾತು."

"ನಾನು ಕಲಿಸಿದ್ದು ಅಮ್ಮನ ಹೆಸರು. ಅದನ್ನ ಅದು ಹೇಳಲೇ ಇಲ್ಲವಲ್ಲ."

"ಗೊತ್ತು" ಎಂದಳು. "ಮೂರು ವರ್ಷ ಕಾದೆ. ನನಗೆ ಬೇರೆ ಏನೋ ಕೇಳಬೇಕಿತ್ತು. ಏನು ಅಂತ ಕೇಳಬೇಡ, ನನಗೂ ಗೊತ್ತಿಲ್ಲ."

ಕಾಯುವುದೇ ಒಂದು ಕೆಲಸವಾಗಿದ್ದವರಿಗೆ ಅದು ಮುಗಿದರೆ ಕೈಯೆಲ್ಲ ಖಾಲಿಯಾಗುತ್ತದೆ. ಅವಳು ಅವತ್ತೂ ಕೂರಲಿಲ್ಲ, ಮಗುವನ್ನು ಎತ್ತಿಕೊಂಡು ಹೊರಟಳು.

ಬೇಸಿಗೆಯ ಹೊತ್ತಿಗೆ ನನ್ನ ಒಂದು ಮಡಕೆಯಲ್ಲಿ ಮರಿಗಳಾದವು. ಹೊಸ ನಿಯಮದ ಪ್ರಕಾರ ಕಾವಲಿನವರಿಗೆ ಹೇಳಿ ಕಳಿಸಿದೆ. ಬಂದವಳು ಚಂದನೆ. ಬೂಟು ಬಿಚ್ಚಿ ಒಳಗೆ ಬಂದಳು. ನಾನು ಮಡಕೆಯಿಂದ ಒಂದು ಮರಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ಪುಕ್ಕವಿಲ್ಲ, ಹೊಟ್ಟೆ ಗುಂಡಗೆ, ತಲೆ ಎತ್ತಲಾರದು. ಗೂಡಿನ ಮರಿಯನ್ನು ಅವಳು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

"ಬಿಸಿ ಇದೆ" ಎಂದಳು, ಆಶ್ಚರ್ಯವಾದವಳಂತೆ.

"ಮತ್ತೇನು, ಕಲ್ಲು ಅಂದುಕೊಂಡಿದ್ದೆಯಾ? ಉದ್ದನೆಯ ಮೂರು ಬೆರಳು ಮುಂದಕ್ಕೆ ಜೋಡಿಸಿ ಹಿಡಿ. ಗಿಡ್ಡದ್ದು ಹಿಂದಕ್ಕೆ ಕಾಲಿಗೆ ಒತ್ತು. ಮೆಲ್ಲಗೆ."

ಬಳೆ ಜಾರಿ ಒಳಗೆ ಹೋಯಿತು. ಚಂದನೆ ಉಸಿರು ಬಿಟ್ಟಳು. "ಇದನ್ನ ಗುಡ್ಡಕ್ಕೆ ಬಿಟ್ಟರೆ ಬದುಕೋದಿಲ್ಲ ಅಂತೀಯಲ್ಲ. ಈಗಿನಿಂದಲೇ ಹಾರೋದು, ಹೆದರೋದು ಕಲಿಸಿದರೆ?"

"ಕಲಿಸೋರು ಯಾರು? ನೀನಾ?"

"ಯಾಕಾಗಬಾರದು?"

"ಶುರುವಾಯ್ತು ನಿನ್ನದು" ಎಂದೆ ನಾನು.

ನಮ್ಮ ವಾದ ಹೀಗೆ ಮತ್ತೆ ಬಿಸಿಯೇರುತ್ತಿದ್ದಾಗ ನಮ್ಮಿಬ್ಬರ ಕೈಗಳ ನಡುವಿನಿಂದ ಒಂದು ಪುಟ್ಟ ಬೆರಳು ತೂರಿಬಂದು ನೇರ ಮಡಕೆಯೊಳಗೆ ಹೋಯಿತು. ಒಳಗೆ ಉಳಿದ ಮರಿಗಳ ಮೇಲೆ ತಾಯಿಹಕ್ಕಿ ಕೂತಿತ್ತು. ಅದರ ಕೊಕ್ಕು ಎಂಥದ್ದೆಂದು ನನಗೆ ಗೊತ್ತು, ಗುಡ್ಡ ಸುತ್ತಿದ ಚಂದನೆಗೂ ಗೊತ್ತು.

"ಎಲ್ಲೇ!" ಎಂದು ನಾವಿಬ್ಬರೂ ಒಟ್ಟಿಗೆ ಚೀರಿದೆವು.

ಮಗು ಬೆರಳು ಹಿಂದಕ್ಕೆಳೆದುಕೊಂಡಿತು. ನನ್ನ ಕಡೆ ನೋಡಲೇ ಇಲ್ಲ. ತಾಯಿಯ ಮುಖವನ್ನೇ ಬಾಯಿ ತೆರೆದು ನೋಡಿತು. ಆಮೇಲೆ ಓಡಿಹೋಗಿ ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತುಕೊಂಡಿತು.

ಚಂದನೆ ಮರಿಯನ್ನು ನನ್ನ ಕೈಗೆ ಕೊಟ್ಟು, ಕೈ ಒರೆಸಿಕೊಂಡು, ಮೆಲ್ಲಗೆ ಇನ್ನೊಂದು ಸಲ ಕರೆದಳು.